ಗಂಧ ಹಚ್ಚಿದ ಅಡಾಪ್ಟರ್

ಆ ವರ್ಷದ ಆಯುಧಪೂಜೆಗೆ ಶಂಕರಪುರದ ಕಾವೇರಮ್ಮನವರ ದೇವರ ಮನೆಗೆ ಹೊಸ ಅತಿಥಿಯೊಂದು ಬಂದು ಕೂತಿತ್ತು. ಅದು ಸೊಸೆ ಆರಾಧನಾಳ ಕಂಪ್ಯೂಟರಿಗೆ ಇಂಟರ್‌ನೆಟ್ ತರುವ ಮೋಡೆಮ್. ಕಂಪ್ಯೂಟರನ್ನೇ ತಂದು ಮಣೆಯ ಮೇಲಿಡಬೇಕೆಂಬುದು ಕಾವೇರಮ್ಮನವರ ಆಸೆಯಾಗಿತ್ತು. ಆ ಭಾರದ ಡಬ್ಬವನ್ನೂ ಅದರ ಬೆನ್ನಿಗೆ ಜೋತುಬಿದ್ದ ವೈರುಗಳನ್ನೂ ನೋಡಿ ಮಗ ಮಧುಸೂದನ್ ಕೈ ಎತ್ತಿಬಿಟ್ಟ. "ಮೂಲವಿಗ್ರಹ ಕದಲಿಸೋದು ಬೇಡಮ್ಮ, ಉತ್ಸವಮೂರ್ತಿ ತಗೊಂಡ್ಹೋಗು" ಎಂದು ಮೋಡೆಮ್ಮನ್ನೂ ಅದರ ಅಡಾಪ್ಟರನ್ನೂ ಕಿತ್ತು ತಾಯಿಯ ಕೈಗಿಟ್ಟ. ಬ್ಯಾಂಕಿನ ಗುಮಾಸ್ತನಾದ ಮಧುಸೂದನನಿಗೆ ಎರಡೂ ಪಕ್ಷದವರನ್ನು ಸಮಾಧಾನಪಡಿಸಿ ಕಳಿಸುವ ಅಭ್ಯಾಸವಿತ್ತು, ಮನೆಯಲ್ಲೂ ಅದನ್ನೇ ಮಾಡುತ್ತಿದ್ದ.

ಮಣೆಯ ಮೇಲೆ ಆಗಲೇ ಸಂಗೀತದ ಪುಸ್ತಕಗಳು, ತಾಳ, ವಿದ್ಯುತ್ತಿನಿಂದ ನಡೆಯುವ ಶ್ರುತಿಪೆಟ್ಟಿಗೆ ಕೂತಿದ್ದವು. ಕಾವೇರಮ್ಮನವರು ಸಂಗೀತದ ಟೀಚರು. ಆ ಬೀದಿಯ ಅರ್ಧ ಹೆಣ್ಣುಮಕ್ಕಳು ಅವರ ಮುಂದೆ ಕೂತು ಸರಳೆ ವರಸೆ ಹಾಡಿದವರೇ. ಅವರು ಪುಸ್ತಕಗಳಿಗೆ ಗಂಧದ ಗೆರೆ ಎಳೆದು ನಡುವೆ ಕುಂಕುಮವಿಟ್ಟರು. ತಾಳಕ್ಕೆ, ಶ್ರುತಿಪೆಟ್ಟಿಗೆಗೆ, ಶ್ರುತಿಪೆಟ್ಟಿಗೆಯ ಅಡಾಪ್ಟರಿಗೆ ಕೂಡ ಹಾಗೆಯೇ ಗಂಧ, ಕುಂಕುಮ. ಮೋಡೆಮ್ಮಿನ ಸರದಿ ಬಂದಾಗ ಗಂಧದ ಬಟ್ಟಲನ್ನು ಪಕ್ಕಕ್ಕಿಟ್ಟು, ಅದಕ್ಕೂ ಅದರ ಅಡಾಪ್ಟರಿಗೂ ಕುಂಕುಮದ ಒಂದೊಂದು ಬೊಟ್ಟು ಇಟ್ಟು ಮುಗಿಸಿದರು. ಆರಾಧನಾ ಬಾಗಿಲಲ್ಲಿ ನಿಂತು ನೋಡಿದಳು. ಅಡುಗೆಮನೆಯ ಈಳಿಗೆಮಣೆಗೂ ಅಷ್ಟೇ ಸಿಕ್ಕಿತ್ತು. ತನ್ನ ಕೆಲಸ ಈ ಮನೆಯಲ್ಲಿ ಯಾವ ಸಾಲಿನಲ್ಲಿದೆ ಎಂಬುದು ಅವಳಿಗೆ ಅಲ್ಲಿಗೆ ಸ್ಪಷ್ಟವಾಯಿತು, ನೋವೂ ಆಯಿತು.

ಅವಳ ಕೆಲಸವೆಂದರೆ ಅಮೆರಿಕದ ಆಸ್ಪತ್ರೆಗಳ ಡಾಕ್ಟರುಗಳು ರೋಗಿಯ ಬಗ್ಗೆ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡಿ ಕಳಿಸುವುದು. ಮದುವೆಗೆ ಮುಂಚೆ ಕೋರಮಂಗಲದ ಆಫೀಸಿನಲ್ಲಿ ಕೂತು ಮಾಡುತ್ತಿದ್ದಳು. ರಾತ್ರಿಪಾಳಿಯ ಕೆಲಸಕ್ಕೆ ಸೊಸೆಯನ್ನು ಕಳಿಸುವುದಿಲ್ಲ ಎಂದು ಕಾವೇರಮ್ಮನವರು ಮದುವೆಯ ಮಾತುಕತೆಯಲ್ಲೇ ಹೇಳಿದ್ದರು. ಆಮೇಲೆ ಎರಡು ವರ್ಷ ಸುಮ್ಮನೆ ಮನೆಯಲ್ಲಿದ್ದು, ಬೇಡಿ, ಮುನಿದು, ಊಟ ಬಿಟ್ಟು, ಮನೆಯಿಂದಲೇ ಮಾಡುವ ಏರ್ಪಾಟನ್ನು ಆಫೀಸಿನಿಂದ ಪಡೆದುಕೊಂಡಿದ್ದಳು. ಅದೂ ಪರೀಕ್ಷೆಗೆಂದು ಮೂರು ತಿಂಗಳಿಗೆ. ಮೇಲ್ವಿಚಾರಕಿ ಹೇಮಶ್ರೀ ಮುಲಾಜಿಲ್ಲದೆ ಹೇಳಿದ್ದಳು: ದಿನದ ಫೈಲು ಮಧ್ಯಾಹ್ನ ಹನ್ನೆರಡರೊಳಗೆ ಬರಬೇಕು, ಒಂದು ದಿನ ತಪ್ಪಿದರೂ ಮನೆಯಲ್ಲಿ ಕೂತು ಮಾಡುವುದು ಅಲ್ಲಿಗೆ ಮುಗಿಯಿತು, ಮತ್ತೆ ಆಫೀಸಿಗೆ ಬಾ. ಆಫೀಸಿಗೆ ಬಾ ಎಂದರೆ ರಾತ್ರಿಪಾಳಿ. ರಾತ್ರಿಪಾಳಿ ಎಂದರೆ ಕೆಲಸ ಬಿಟ್ಟಂತೆಯೇ. ಮನೆಯಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ಹನ್ನೆರಡು ಗಂಟೆಯೆಂಬುದನ್ನು ಕಾವೇರಮ್ಮನವರು ಕೂಡ ಕೇಳಿಸಿಕೊಂಡಿದ್ದರು.

ಅಮೆರಿಕದ ಡಾಕ್ಟರಿಗೆ ನವಮಿಯೂ ಇಲ್ಲ, ದಶಮಿಯೂ ಇಲ್ಲ. ನವಮಿಯ ದಿನಕ್ಕೆ ಆರಾಧನಾ ಹೇಗೋ ರಜೆ ಹೊಂದಿಸಿಕೊಂಡಳು. ದಶಮಿಗೆ ಹೇಮಶ್ರೀ ಒಪ್ಪಲಿಲ್ಲ. ಪೂಜೆಗಿಟ್ಟದ್ದನ್ನು ದಶಮಿಯಂದು ಮರುಪೂಜೆ ಮಾಡಿ, ಉತ್ತರಕ್ಕೆ ಒಂದಿಷ್ಟು ಕದಲಿಸಿದ ಮೇಲೆಯೇ ಮುಟ್ಟಬೇಕು; ಅಲ್ಲಿಯವರೆಗೆ ಅದು ದೇವರ ಸ್ವತ್ತು. ಕಾವೇರಮ್ಮನವರು ಪಂಚಾಂಗ ನೋಡಿ ಒಂಬತ್ತೂವರೆಯ ಮೇಲೆ ಕದಲಿಸುವುದೆಂದರು. ಅವರ ಒಂಬತ್ತೂವರೆ ನೈವೇದ್ಯ, ಮಂಗಳಾರತಿ ಎಂದು ಹತ್ತೂವರೆಗೆ ಹೋಗಿ ನಿಲ್ಲುವುದನ್ನು ಆರಾಧನಾ ಬಲ್ಲಳು. ಕೇಳಬೇಕಾದ ರೆಕಾರ್ಡಿಂಗುಗಳನ್ನು ಮೋಡೆಮ್ ಕೀಳುವ ಮುಂಚೆಯೇ ಕಂಪ್ಯೂಟರಿಗೆ ಇಳಿಸಿಕೊಂಡಿದ್ದಳು; ಕಳಿಸುವುದಕ್ಕಷ್ಟೇ ನೆಟ್ ಬೇಕಾಗಿದ್ದರೆ ಅದೂ ನಡೆಯುತ್ತಿತ್ತು. ಆದರೆ ಡಾಕ್ಟರುಗಳು ಔಷಧದ ಹೆಸರನ್ನು ಅರ್ಧ ನುಂಗಿ ಹೇಳುತ್ತಾರೆ, ಒಂದೊಂದನ್ನೂ ನೆಟ್ಟಿನಲ್ಲಿ ಹುಡುಕಿ ಖಾತ್ರಿ ಮಾಡಿಕೊಂಡೇ ಟೈಪ್ ಮಾಡಬೇಕು.

ಹಾಗಾಗಿ ದಶಮಿಯ ದಿನ ಬೆಳಗಾಗುವ ಮುಂಚೆ ಎದ್ದು, ಮುಖ ತೊಳೆದು, ಕಳ್ಳಬೆಕ್ಕಿನ ಹೆಜ್ಜೆಯಲ್ಲಿ ದೇವರ ಮನೆಗೆ ಹೋದಳು. ಸ್ನಾನವೂ ಆಗಿರಲಿಲ್ಲ. ನಂದಾದೀಪದ ಬೆಳಕು ದೇವರ ಮುಖಕ್ಕೆ ಬೀಳುತ್ತಿತ್ತೇ ಹೊರತು ಮಣೆಯವರೆಗೆ ಬರುತ್ತಿರಲಿಲ್ಲ. ಮೋಡೆಮ್ಮಿನ ಮೇಲಿನ ಸೇವಂತಿಗೆ ಹೂವನ್ನು ಸರಿಸಿ, ವೈರುಗಳನ್ನಿಟ್ಟ ಪಕ್ಕದ ತಟ್ಟೆಗೆ ಕೈ ಹಾಕಿ, ಕೈಗೆ ಸಿಕ್ಕ ಅಡಾಪ್ಟರನ್ನು ತೆಗೆದುಕೊಂಡು ರೂಮಿಗೆ ಬಂದಳು.

ಮಧುಸೂದನ್ ಎದ್ದಾನೆಂದು ದೀಪ ಹಾಕದೆ ಕತ್ತಲಲ್ಲೇ ಸಿಕ್ಕಿಸಿದಳು. ಮೋಡೆಮ್ಮಿನ ಮೊದಲ ದೀಪ ಹತ್ತಿತು, ಉಳಿದವು ಮಿಟುಕಿದವು, ಎಲ್ಲವೂ ಆರಿದವು. ಮತ್ತೆ ಹತ್ತಿತು, ಮತ್ತೆ ಆರಿತು. ಪಿನ್ನು ತಿರುಗಿಸಿ ನೋಡಿದಳು, ಬೇರೆ ಪ್ಲಗ್ಗಿಗೆ ಹಾಕಿ ನೋಡಿದಳು. ಹಿಂದಿನ ದಿನ ಅತ್ತೆ ಉದ್ಧರಣೆಯಿಂದ ಕಲಶದ ನೀರನ್ನು ಎಲ್ಲದರ ಮೇಲೂ ಪ್ರೋಕ್ಷಣೆ ಮಾಡಿದ್ದು ನೆನಪಾಯಿತು. ಅಡಾಪ್ಟರಿನೊಳಗೆ ನೀರು ಹೋಗಿದೆ, ಸುಟ್ಟಿದೆ ಎಂದುಕೊಂಡಳು. ಅತ್ತೆಯ ಮೇಲೆ ಬಂದ ಸಿಟ್ಟು ಸಣ್ಣದಲ್ಲ. ಎರಡು ವರ್ಷ ಹೋರಾಡಿ ಪಡೆದದ್ದನ್ನು ಒಂದು ಉದ್ಧರಣೆ ನೀರಿನಲ್ಲಿ ತೊಳೆದುಬಿಟ್ಟರಲ್ಲ ಎಂದು ಕಣ್ಣಲ್ಲಿ ನೀರು ಬಂತು. ಆದರೆ ಹೋಗಿ ಕೇಳುವುದು ಹೇಗೆ? ಕದಲಿಸುವುದಕ್ಕೆ ಮುಂಚೆ, ಅದೂ ಸ್ನಾನವಿಲ್ಲದೆ, ಪೂಜೆಯಿಂದ ಎತ್ತಿದೆ ಎಂದು ಒಪ್ಪಿಕೊಳ್ಳದೆ ಅಡಾಪ್ಟರ್ ಸುಟ್ಟ ಸುದ್ದಿ ಹೇಳುವ ಹಾಗಿರಲಿಲ್ಲ.

ಬಚ್ಚಲಮನೆಯ ದೀಪ ಹತ್ತಿದ್ದು ಕಂಡು ಮೋಡೆಮ್ಮನ್ನು ಓಡಿಹೋಗಿ ಇದ್ದಲ್ಲಿ ಇಟ್ಟಳು, ಹೂವನ್ನೂ ಏರಿಸಿದಳು. ಅಡಾಪ್ಟರನ್ನು ಮಾತ್ರ ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಹೂವಿನ ರಾಶಿಯಲ್ಲಿ ಒಂದು ಅಡಾಪ್ಟರ್ ಇಲ್ಲದ್ದು ಯಾರಿಗೂ ಕಾಣುವುದಿಲ್ಲ, ಅಂಗಡಿ ತೆರೆಯುವ ಹೊತ್ತಿಗೆ ಹೋಗಿ ಹೊಸದು ತಂದರಾಯಿತು ಎಂಬುದು ಅವಳ ಲೆಕ್ಕಾಚಾರ. ಆಮೇಲೆ ಸ್ನಾನ ಮುಗಿಸಿ ಹೆಡ್‌ಫೋನ್ ಹಾಕಿಕೊಂಡು ಕೂತಳು. ಗೊತ್ತಾಗದ ಔಷಧಗಳ ಜಾಗ ಖಾಲಿ ಬಿಟ್ಟು ಉಳಿದದ್ದನ್ನೆಲ್ಲ ಟೈಪ್ ಮಾಡಿ ಮುಗಿಸಿದಳು.

ಎಂಟೂವರೆಗೆ ಹೊರಟು ನಿಂತಾಗ ಮಧುಸೂದನ್ ಹಾಲಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ. ಆಯುಧಪೂಜೆಗೆ ಪತ್ರಿಕೆಯವರಿಗೆ ರಜೆ, ದಶಮಿಯ ಬೆಳಿಗ್ಗೆ ಪೇಪರು ಇರುವುದಿಲ್ಲ. ಪೇಪರಿಲ್ಲದೆ ಅವನಿಗೆ ಕೂರುವುದಕ್ಕೇ ಗೊತ್ತಾಗುತ್ತಿರಲಿಲ್ಲ.

"ಎಲ್ಲಿಗೆ, ಹಬ್ಬದ ದಿನ?"

"ಒಂದು ಪಾರ್ಟ್ ಬೇಕು ರೀ. ಎಸ್.ಪಿ. ರೋಡಿಗೆ ಹೋಗಿ ಬಂದ್ಬಿಡ್ತೀನಿ."

ದೇವರ ಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಕಾವೇರಮ್ಮನವರು ಅಲ್ಲಿಂದಲೇ ಹೇಳಿದರು. "ಹನ್ನೊಂದಕ್ಕೆ ಧೃತಿ ಪಾಠ ಶುರು ಇದೆ ಆರಾಧನಾ. ಅಷ್ಟ್ರಲ್ಲಿ ಬಾಮ್ಮ, ಆರತಿ ಎತ್ತೋಕೆ ಇನ್ನೊಬ್ರು ಬೇಕು. ಇನ್ನು ಮೇಲೆ ಈ ಮನೇಲಿ ಅಂಥದ್ದು ಇರುತ್ತೋ ಇಲ್ವೋ."

ಈ ಮಾತಿಗೆ ಕಾರಣವಿತ್ತು. ಒಂದು ವರ್ಷದಿಂದ ಅವರಿಗೆ ಶ್ರುತಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಪೆಟ್ಟಿಗೆ ಹಾಕಿದರೆ ಷಡ್ಜ ಜಾರುತ್ತಿದೆ, ಪಂಚಮ ಮಂಕಾಗಿದೆ ಎನ್ನುತ್ತಿದ್ದರು. ಮಗನನ್ನು ಕರೆದು ಕೇಳಿಸಿದರೆ "ಸರಿಯಾಗೇ ಇದೆಯಲ್ಲಮ್ಮ" ಎನ್ನುತ್ತಿದ್ದ. ಅವನಿಗೆ ಶ್ರುತಿಗೂ ಮಿಕ್ಸಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಶಿಷ್ಯೆಯರಿಗೆ ಟೀಚರೆದುರು ಇಲ್ಲ ಎನ್ನುವ ಧೈರ್ಯವಿಲ್ಲ. ಕೊನೆಗೆ ಕಾವೇರಮ್ಮನವರು ತಮ್ಮ ಕಿವಿಯೇ ಹೋಯಿತು ಎಂದು ತೀರ್ಮಾನಿಸಿದರು. ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿದರು. ಎದುರುಮನೆಯ ಧೃತಿಗೆ ಮಾತು ಕೊಟ್ಟಾಗಿತ್ತು, ಅವಳದೊಂದು ಪಾಠ ಶುರು ಮಾಡಿಬಿಟ್ಟರೆ ಅಲ್ಲಿಗೆ ಸಾಕು ಎಂದಿದ್ದರು. ಇದನ್ನು ಅವರು ಅಳುತ್ತ ಹೇಳಲಿಲ್ಲ, ಸೊಪ್ಪು ಬಿಡಿಸುತ್ತ ಹೇಳಿದ್ದರು.

ನಗರ್ತಪೇಟೆಯ ಮಗ್ಗುಲಿನ ಎಸ್.ಪಿ. ರೋಡಿನಲ್ಲಿ ಆಟೋ ಇಳಿದರೆ ಕಾಲಿಡಲು ಜಾಗವಿಲ್ಲ. ಹಿಂದಿನ ದಿನ ಒಡೆದ ಬೂದುಗುಂಬಳದ ಹೋಳುಗಳು ಕುಂಕುಮ ಮೆತ್ತಿಕೊಂಡು ರಸ್ತೆಯ ತುಂಬ ಬಿದ್ದಿದ್ದವು. ಬೇರೆ ದಿನ ಕಂಪ್ಯೂಟರಿನ ಸಕಲ ಅಂಗಾಂಗಗಳೂ ಫುಟ್‌ಪಾತಿನವರೆಗೆ ಹರಡಿಕೊಳ್ಳುವ ಬೀದಿಯದು. ಈಗ ಮುಚ್ಚಿದ ಶೆಟರುಗಳಿಗೆ ಬಾಳೆಕಂದು ಕಟ್ಟಿಕೊಂಡು ಸುಮ್ಮನಿತ್ತು. ಆರಾಧನಾ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದಳು. ತೆರೆದಿದ್ದ ಒಂದರಲ್ಲಿ ಬರೀ ಬಲ್ಬು, ಇನ್ನೊಂದರಲ್ಲಿ ಮಾಲೀಕರು ಬಾಗಿಲಿಗೆ ಬೆನ್ನು ಮಾಡಿ ಪೂಜೆಗೆ ಕೂತಿದ್ದರು. ಬಹಳ ಹೊತ್ತು ಅಲೆದ ಮೇಲೆ ಒಂದು ಓಣಿಯೊಳಗೆ ಅರ್ಧ ಏರಿಸಿದ ಶೆಟರಿನ ಕೆಳಗೆ ಒಬ್ಬ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿರುವುದು ಕಂಡಿತು. ಒಳಗೆ ಗೋಡೆಯ ತುಂಬ ಅಡಾಪ್ಟರುಗಳು ತೂಗುತ್ತಿದ್ದವು.

"ಮೋಡೆಮ್ ಅಡಾಪ್ಟರ್ ಸುಟ್ಟೋಗಿದೆ. ಇಂಥದ್ದೇ ಒಂದು ಬೇಕಿತ್ತು" ಎಂದು ಕರ್ಚೀಫು ಬಿಚ್ಚಿ ಕೌಂಟರಿನ ಮೇಲಿಟ್ಟಳು.

ಅಂಗಡಿಯ ಗೌರೀಶ್ ಲೋಟ ಕೆಳಗಿಟ್ಟು ಅಡಾಪ್ಟರನ್ನು ತಿರುಗಿಸಿ ನೋಡಿದ. ವೋಲ್ಟು ಬರೆದಿರುವ ಸ್ಟಿಕ್ಕರಿನ ಮೇಲೆ ಗಂಧದ ಗೆರೆ, ಅದರ ನಡುವೆ ಕುಂಕುಮ.

"ಇದ್ರಲ್ಲಿ ಏನು ಬರ್ದಿದೆ ಅಂತ ಕಾಣಲ್ವಲ್ಲ ಮೇಡಂ. ಹಬ್ಬದ ದಿನ ಗಂಧ ಕುಂಕುಮ ಒರೆಸೋದು ನನ್ನ ಕೈಲಾಗಲ್ಲ. ನೀವೇ ಒರೆಸ್ಕೊಳ್ಳಿ."

ಆರಾಧನಾ ಒರೆಸಲಿಲ್ಲ. ಗಂಧವನ್ನೇ ನೋಡುತ್ತ ನಿಂತಳು. ತನ್ನ ಮೋಡೆಮ್ಮಿಗೆ ಗಂಧ ಸಿಕ್ಕಿರಲಿಲ್ಲ. ಅತ್ತೆ ಬಟ್ಟಲನ್ನು ಪಕ್ಕಕ್ಕಿಟ್ಟದ್ದನ್ನು ಕಣ್ಣಾರೆ ಕಂಡು ನೊಂದುಕೊಂಡಿದ್ದಳಲ್ಲ, ಅದನ್ನು ಮರೆಯಲು ಸಾಧ್ಯವೇ ಇರಲಿಲ್ಲ. ಇದು ಸಂಗೀತದ ಸಾಲಿನದು. ಕತ್ತಲೆಯಲ್ಲಿ ಶ್ರುತಿಪೆಟ್ಟಿಗೆಯ ಅಡಾಪ್ಟರನ್ನು ಎತ್ತಿಕೊಂಡು ಬಂದಿದ್ದಳು.

ಬೆರಳು ಒದ್ದೆ ಮಾಡಿಕೊಂಡು ಗಂಧವನ್ನು ಮೂಲೆಯಲ್ಲಿ ಸ್ವಲ್ಪವೇ ಸರಿಸಿದಳು. ಗೌರೀಶ್ ಬಗ್ಗಿ ಓದಿದ.

"ಒಂಬತ್ತು ವೋಲ್ಟು. ಮೋಡೆಮ್ಮಿಗೆ ಸಾಮಾನ್ಯ ಹನ್ನೆರಡು ಬೇಕು. ಇದು ಫುಟ್‌ಪಾತ್ ಪೀಸು, ಬರೆದಿರೋ ಒಂಬತ್ತೂ ಕೊಡ್ತಿರಲ್ಲ. ಯಾವ್ದಕ್ಕೆ ಹಾಕಿದ್ರಿ ಇದನ್ನ?"

"ಶ್ರುತಿಪೆಟ್ಟಿಗೆಗೆ."

"ಅದಕ್ಕೂ ಹನ್ನೆರಡು ಇರ್ಬೇಕು. ಪೆಟ್ಟಿಗೆ ಹಿಂದೆ ಬರ್ದಿರುತ್ತೆ, ನೋಡಿ."

ಹಳೆಯ ಅಡಾಪ್ಟರ್ ಹೋದಾಗ ಮೆಜೆಸ್ಟಿಕ್ ಹತ್ತಿರ ಬಸ್ಸಿಗೆ ಕಾಯುತ್ತ ನಿಂತಿದ್ದ ಮಧುಸೂದನ್ "ಪಿನ್ನು ಕೂತ್ಕೊಳ್ತು, ತಂದೆ" ಎಂದು ಇದನ್ನು ತಂದಿದ್ದ. ಕಳೆದ ದಸರಾದ ಆಸುಪಾಸಿನ ಮಾತು. ಅಂಗಡಿಯಲ್ಲಿ ನಿಂತ ಆರಾಧನಾ ಈಗ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಅವಳ ತಲೆಯಲ್ಲಿ ಹನ್ನೆರಡು ಗಂಟೆಯೊಂದೇ ಇತ್ತು. ತನ್ನದು ಮನೆಯಲ್ಲೇ ಇದೆ, ಆದರೆ ಅದನ್ನು ಕೇಳಬೇಕಾದರೆ ಬೆಳಗಿನ ಕಳ್ಳತನ ಒಪ್ಪಿಕೊಳ್ಳಬೇಕು.

"ಹನ್ನೆರಡು ವೋಲ್ಟಿಂದು ಒಂದು ಕೊಡಿ. ಈಗ್ಲೇ ಬೇಕು."

ಗೌರೀಶ್ ಗೋಡೆಯಿಂದ ಒಂದನ್ನು ಇಳಿಸಿದ. ಪಿನ್ನು ದಪ್ಪ. ಇನ್ನೊಂದನ್ನು ಇಳಿಸಿದ, ಅದರದ್ದು ಸಣ್ಣ. "ಈ ಪಿನ್ನಿಂದು ಖಾಲಿ ಆಗಿದೆ ಮೇಡಂ. ನಿಮ್ದು ಕತ್ತರಿಸಿ ಇದಕ್ಕೆ ಹಾಕಿ ಕೊಡ್ಬಹುದು, ಐದು ನಿಮಿಷದ ಕೆಲಸ. ಆದ್ರೆ ಕಾಯ್ಬೇಕು."

"ಯಾಕೆ?"

ಅವನು ಒಳಗೆ ಕೈ ತೋರಿಸಿದ. ಲಕ್ಷ್ಮಿಯ ಪಟದ ಮುಂದೆ ಒಂದು ಸ್ಟೂಲು, ಅದರ ಮೇಲೆ ಕೆಂಪು ಬಟ್ಟೆ. ಬಟ್ಟೆಯ ಮೇಲೆ ಸೋಲ್ಡರಿಂಗ್ ಕಬ್ಬಿಣ, ಮೀಟರು, ಕಟ್ಟರು, ಸ್ಕ್ರೂಡ್ರೈವರುಗಳೆಲ್ಲ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಚೆಂಡುಹೂವಿನ ಕೆಳಗೆ ಮಲಗಿದ್ದವು.

"ನಮ್ಮಪ್ಪ ಬಂದು ಕಾಯಿ ಒಡೆದು ಕದಲಿಸ್ಬೇಕು. ಹೊಸಕೋಟೆ ಕಡೆಯಿಂದ ಬರ್ತಾರೆ, ಊರಲ್ಲಿ ಪೂಜೆ ಮುಗಿಸ್ಕೊಂಡು. ಹನ್ನೆರಡು ಹನ್ನೆರಡೂವರೆ ಆಗುತ್ತೆ."

"ಅರ್ಜೆಂಟಿತ್ತು. ಒಂದೇ ಒಂದ್ಸಲ ತೆಗೆದು ಮತ್ತೆ ಇಟ್ಬಿಟ್ರೆ ಆಗಲ್ವಾ? ಯಾರಿಗೂ ಗೊತ್ತಾಗಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಗೌರೀಶ್ ಬೇಜಾರು ಮಾಡಿಕೊಳ್ಳಲಿಲ್ಲ. "ಅಪ್ಪಂಗೆ ಗೊತ್ತಾಗಲ್ಲ ಮೇಡಂ. ಆದ್ರೆ ಕರೆಂಟಿನ ಜೊತೆ ಕೆಲಸ ನೋಡಿ, ವರ್ಷವೆಲ್ಲ ಕೈ ನಡುಗುತ್ತೆ ನಂಗೆ" ಎಂದು ಕಾಫಿಯ ಲೋಟ ಎತ್ತಿಕೊಂಡ.

ವಾಪಸು ಬರುವಾಗ ಆಟೋ ಹುಡುಕುವುದರಲ್ಲೇ ಹೊತ್ತು ಹೋಯಿತು. ಸಿಕ್ಕ ಆಟೋಕ್ಕೂ ಎರಡು ಬಾಳೆಕಂದು ಕಟ್ಟಿತ್ತು, ಎಲೆ ಗಾಳಿಗೆ ಒಳಬಂದು ಅವಳ ಮುಖಕ್ಕೆ ಬಡಿಯುತ್ತಿತ್ತು. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಳು. ಅತ್ತೆ, ತಪ್ಪಾಯ್ತು, ಮುಂಚೆ ಎತ್ತಿದೆ, ಬೈಯೋದನ್ನ ಆಮೇಲೆ ಬೈಯಿರಿ, ಮೊದಲು ಆ ಅಡಾಪ್ಟರ್ ಕೊಡಿ. ಇಷ್ಟೇ ಮಾತು. ಬೈಸಿಕೊಳ್ಳಲು ಅವಳು ತಯಾರಾಗಿದ್ದಳು.

ಗೇಟಿನ ಹತ್ತಿರ ಬಂದಾಗಲೇ ಶ್ರುತಿ ಕೇಳಿಸಿತು. ಆರಾಧನಾಳಿಗೆ ಸಂಗೀತ ಬರುವುದಿಲ್ಲ, ಆದರೆ ದಿನವೂ ಕಿವಿಯಿಂದಲೇ ಕೆಲಸ ಮಾಡುವವಳು. ಆ ಪೆಟ್ಟಿಗೆಯಿಂದ ಇಷ್ಟು ತುಂಬಿದ, ಅಲುಗದ ಸ್ವರ ಬಂದದ್ದನ್ನು ಅವಳು ಈ ಒಂದು ವರ್ಷದಲ್ಲಿ ಕೇಳಿರಲಿಲ್ಲ. ಬೀದಿಯವರೆಗೂ ಬರುತ್ತಿತ್ತು.

ಹಾಲಿನಲ್ಲಿ ಜಮಖಾನ ಹಾಸಿತ್ತು. ಹೊಸ ಲಂಗ ಉಟ್ಟ ಧೃತಿ ಕಾಲು ಮಡಿಸಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಅವಳ ತಾಯಿ ತಾಂಬೂಲದ ತಟ್ಟೆ ಹಿಡಿದು ಪಕ್ಕದಲ್ಲಿದ್ದಳು. ನೋಡಲೆಂದು ಬಂದ ಮತ್ತಿಬ್ಬರು ತಾಯಂದಿರು ತಮ್ಮ ಮಕ್ಕಳನ್ನು ಮುಂದೆ ಕೂರಿಸಿಕೊಂಡಿದ್ದರು. ಮಧುಸೂದನ್ ಬಾಗಿಲ ಬಳಿಯೇ ಇದ್ದ.

"ಕೇಳಿದ್ಯಾ?" ಎಂದು ಪಿಸುಗುಟ್ಟಿದ. "ಅಮ್ಮ ಇವತ್ತು ಬೇರೆಯವರೇ ಆಗ್ಬಿಟ್ಟಿದಾರೆ. ಸರಸ್ವತಿ ಪೆಟ್ಟಿಗೇಲಿ ಬಂದು ಕೂತಿದಾಳೆ ಅಂದ್ರು. ಆ ಎರಡು ಮಕ್ಕಳನ್ನೂ ಸೇರಿಸ್ಕೊಂಡ್ಬಿಟ್ರು."

ಆರಾಧನಾ ಅತ್ತೆಯ ಮುಖ ನೋಡಿದಳು. ಕಾವೇರಮ್ಮನವರು ಕಣ್ಣು ಮುಚ್ಚಿ ಷಡ್ಜ ಹಿಡಿದಿದ್ದರು, ಹಿಡಿದದ್ದನ್ನು ಬಿಡಲು ಮನಸ್ಸಿಲ್ಲದವರಂತೆ. ಅವರ ಮುಖದ ಮೇಲೆ ನಗುವಿತ್ತು. ಅವರ ಬಲಕ್ಕೆ ಶ್ರುತಿಪೆಟ್ಟಿಗೆ, ಅದರಿಂದ ಗೋಡೆಗೆ ಹೋದ ವೈರು, ವೈರಿನ ತುದಿಗೆ ಅವಳ ಅಡಾಪ್ಟರು. ಗೋಡೆ ಗಡಿಯಾರದಲ್ಲಿ ಹನ್ನೆರಡಕ್ಕೆ ಇನ್ನೂ ಸ್ವಲ್ಪ ಸಮಯವಿತ್ತು. ಔಷಧದ ಹೆಸರುಗಳನ್ನು ತುಂಬಿ ಕಳಿಸಲು ಅಷ್ಟು ಸಾಕಿತ್ತು.

ಆಟೋದಲ್ಲಿ ಅಭ್ಯಾಸ ಮಾಡಿದ ಮಾತು ಬಾಯಿಯವರೆಗೆ ಬಂದು ನಿಂತಿತು. ದಶಮಿಯ ದಿನ ಶುರುವಾದ ಪಾಠ ನಡುವೆ ನಿಲ್ಲಬಾರದು, ಮಂಗಳ ಹಾಡಿಯೇ ಏಳಬೇಕು. ಅದನ್ನಾದರೂ ಅವಳು ಬದಿಗೆ ಸರಿಸುತ್ತಿದ್ದಳೇನೋ, ಬೆಳಿಗ್ಗೆ ಒಂದು ಸಲ ಸರಿಸಿಯೂ ಇದ್ದಳು. ಅತ್ತೆಯ ಆ ಮುಖವನ್ನು ಸರಿಸಲು ಆಗಲಿಲ್ಲ. ಸಿಟ್ಟೂ ಇತ್ತು, ಅಳುವೂ ಇತ್ತು, ಕಾಲು ಮಾತ್ರ ಕದಲಲಿಲ್ಲ. ಅಷ್ಟರಲ್ಲಿ ಕಾವೇರಮ್ಮನವರು ಕಣ್ಣು ತೆರೆದರು. ಸೊಸೆಯನ್ನು ನೋಡಿದರು, ಅವಳ ಕೈಯ ಬ್ಯಾಗನ್ನು ನೋಡಿದರು, ಗಡಿಯಾರವನ್ನು ನೋಡಿದರು. ಮತ್ತೆ ಮಗುವಿನ ಕಡೆ ತಿರುಗಿ "ಇನ್ನೊಂದ್ಸಲ ಹೇಳು ಪುಟ್ಟ, ಸ ರಿ ಗ ಮ" ಎಂದರು.

ಮಂಗಳ ಹಾಡುತ್ತಿರುವಾಗ ಗಡಿಯಾರ ಹನ್ನೆರಡು ಹೊಡೆಯಿತು. ಆರಾಧನಾ ಆರತಿ ಎತ್ತಿದಳು, ಬಂದವರಿಗೆ ಕುಂಕುಮ ಕೊಟ್ಟಳು, ಕೋಸಂಬರಿ ಹಂಚಿದಳು. ಕೈ ತಾನಾಗಿ ಮಾಡುತ್ತಿತ್ತು. ಎಲ್ಲರೂ ಹೋದ ಮೇಲೆ ಕಾವೇರಮ್ಮನವರು ಗೋಡೆಯ ಸ್ವಿಚ್ಚು ಆರಿಸಿ, ಅಡಾಪ್ಟರನ್ನು ಕಿತ್ತು, ವೈರನ್ನು ನೀಟಾಗಿ ಸುತ್ತಿ ಅವಳ ಮುಂದೆ ಹಿಡಿದರು. ಅದರ ಮೇಲೆ ಕುಂಕುಮದ ಒಂದು ಬೊಟ್ಟು ಮಾತ್ರ ಇತ್ತು.

"ತಗೋ. ನಿಂದು."

"ನಿಮ್ಗೆ ಗೊತ್ತಿತ್ತಾ?"

"ಕದಲಿಸುವಾಗ್ಲೇ ಗೊತ್ತಾಯ್ತು. ತಟ್ಟೇಲಿ ಒಂದೇ ಇತ್ತು, ಅದಕ್ಕೆ ಗಂಧ ಇರ್ಲಿಲ್ಲ. ನೀನು ನಂದನ್ನ ಎತ್ಕೊಂಡು ಹೋಗಿದೀಯ ಅಂತ ಆಗ್ಲೇ ತಿಳೀತು."

"ಗೊತ್ತಿದ್ದೂ ಯಾಕತ್ತೆ ಹೇಳ್ಲಿಲ್ಲ? ಹನ್ನೆರಡಕ್ಕೆ ಏನಾಗುತ್ತೆ ಅಂತ ನಿಮ್ಗೂ ಗೊತ್ತಲ್ವಾ? ನನ್ನ ಮೊಬೈಲಿಗೆ ಒಂದು ಫೋನ್ ಮಾಡಿದ್ರೂ ಸಾಕಾಗಿತ್ತು."

ಆ ಮನೆಗೆ ಬಂದ ಮೇಲೆ ಅವಳು ಅತ್ತೆಯನ್ನು ಇಷ್ಟು ನೇರವಾಗಿ ಕೇಳಿದ್ದು ಅದೇ ಮೊದಲು.

ಕಾವೇರಮ್ಮನವರು ಗೋಡೆಗೆ ಒರಗಿ ಕೂತರು. "ಸುಮ್ನೆ ಒಂದ್ಸಲ ಹಾಕಿ ನೋಡಣ ಅಂತ ಹಾಕಿದೆ. ಷಡ್ಜ ಬಂತು. ವರ್ಷದಿಂದ ನಾನು ಕೇಳೇ ಇರ್ಲಿಲ್ಲ ಆರಾಧನಾ, ಅಂಥ ಷಡ್ಜ. ಫೋನ್ ಮಾಡ್ಬೇಕು ಅಂತ ಎರಡು ಸಲ ಎದ್ದೆ. ಕಿತ್ರೆ ಮತ್ತೆ ಬರ್ದೇ ಹೋದ್ರೆ ಅಂತ ಕೂತೆ. ನೀನು ಬಾಗಿಲಲ್ಲಿ ನಿಂತಾಗ್ಲೂ ಗಡಿಯಾರ ನೋಡ್ದೆ. ಬಿಡೋಕೆ ಮನಸ್ಸಾಗ್ಲಿಲ್ಲ. ತಪ್ಪೇ ಅದು." ಸೊಸೆಯ ಕಡೆ ತಿರುಗಿ ಕೇಳಿದರು. "ನೀನು ಯಾವಾಗ ಎತ್ತಿದ್ದು?"

"ಬೆಳಗಾಗೋಕೆ ಮುಂಚೆ. ಸ್ನಾನಾನೂ ಆಗಿರ್ಲಿಲ್ಲ."

ಕಾವೇರಮ್ಮನವರು ಕಣ್ಣು ಮುಚ್ಚಿಕೊಂಡರು. ಬೈಗುಳ ಬರುತ್ತದೆಂದು ಆರಾಧನಾ ಕಾದಳು, ಬರಲಿಲ್ಲ. ಅವಳೇ ಮಾತು ಮುಂದುವರಿಸಿದಳು. "ಸರಸ್ವತಿ ಅಲ್ಲ ಅತ್ತೆ ಅದು. ಪೆಟ್ಟಿಗೆಗೆ ಹನ್ನೆರಡು ವೋಲ್ಟ್ ಬೇಕು. ಇವರು ಮೆಜೆಸ್ಟಿಕ್ಕಲ್ಲಿ ತಂದಿದ್ದು ಒಂಬತ್ತರದ್ದು. ಅದಕ್ಕೇ ಜಾರ್ತಿತ್ತು. ನನ್ನ ಅಡಾಪ್ಟರ್ ಹಾಕಿದ್ದಕ್ಕೆ ಸರಿಹೋಯ್ತು."

ಹೇಳಿದ ಮೇಲೆ ಇದನ್ನು ಹೇಳಬಾರದಿತ್ತೇನೋ ಅನ್ನಿಸಿತು. ಕಾವೇರಮ್ಮನವರು ಪೆಟ್ಟಿಗೆಯನ್ನೊಮ್ಮೆ ಸೊಸೆಯನ್ನೊಮ್ಮೆ ನೋಡಿದರು.

"ಅಂದ್ರೆ ವರ್ಷವೆಲ್ಲ ಅದು ನಿಜವಾ‌ಗ್ಲೂ ಜಾರ್ತಿತ್ತಾ?"

"ಜಾರ್ತಿತ್ತು."

"ನಂಗೆ ಕೇಳಿಸ್ತಿದ್ದದ್ದು ಸರಿ?"

"ಸರಿ ಅತ್ತೆ. ನಿಮ್ಮ ಕಿವಿಗೇನೂ ಆಗಿಲ್ಲ."

ಕಾವೇರಮ್ಮನವರು ಸೆರಗಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಂಡಷ್ಟೂ ಕಣ್ಣು ತುಂಬುತ್ತಿತ್ತು. ಆಮೇಲೆ ಮಗನ ಕಡೆ ತಿರುಗಿ, "ಪಿನ್ನು ಕೂತ್ಕೊಳ್ತು ಅಂತ ತಂದ್ಯೇನೋ" ಎಂದರು. ಮಧುಸೂದನ್ ಪೇಪರಿಲ್ಲದ ದಿನವೂ ಮುಖ ಮುಚ್ಚಿಕೊಳ್ಳಲು ಏನಾದರೂ ಸಿಕ್ಕೀತೇ ಎಂದು ಸುತ್ತ ನೋಡಿದ.

ಆರಾಧನಾ ರೂಮಿಗೆ ಹೋಗಿ ಮೋಡೆಮ್ ಹಚ್ಚಿದಳು. ದೀಪಗಳೆಲ್ಲ ಸಾಲಾಗಿ ಹತ್ತಿ ನಿಂತವು. ಔಷಧದ ಹೆಸರುಗಳನ್ನು ತುಂಬಿ ಫೈಲುಗಳನ್ನು ಕಳಿಸುವಷ್ಟರಲ್ಲಿ ಒಂದು ಗಂಟೆಯ ಹತ್ತಿರವಾಗಿತ್ತು. ಕೊನೆಯದು ಹೋಗುತ್ತಿರುವಾಗ ಹಾಲಿನಲ್ಲಿ ಫೋನು ಹೊಡೆದುಕೊಂಡಿತು. ಯಾರೆಂದು ಅವಳಿಗೆ ಗೊತ್ತಿತ್ತು. ಎದ್ದು ಬರುವಷ್ಟರಲ್ಲಿ ಕಾವೇರಮ್ಮನವರು ಎತ್ತಿಕೊಂಡಿದ್ದರು.

"ಅವಳ ಅತ್ತೆ ಮಾತಾಡ್ತಿರೋದು. ನೀವು ಹೇಮಶ್ರೀನಾ? ಕೇಳಿ. ಅವಳು ಹೊತ್ತಿಗೆ ಮುಂಚೇನೇ ಮುಗಿಸಿದ್ಲು. ಕಳಿಸೋ ಮಿಷನ್ನಿನ ವೈರು ನನ್ನ ಹತ್ರ ಇತ್ತು. ಅವಳದ್ದು ಅಂತ ಗೊತ್ತಿತ್ತು, ಹನ್ನೆರಡು ಗಂಟೆ ಅಂತಾನೂ ಗೊತ್ತಿತ್ತು, ಕೊಡ್ಲಿಲ್ಲ ನಾನು. ಅವಳ ತಪ್ಪು ಇದ್ರಲ್ಲಿ ಏನೂ ಇಲ್ಲ." ಬೆಳಗಿನ ಕಳ್ಳತನದ ಮಾತನ್ನು ಅವರು ಬಿಟ್ಟೇಬಿಟ್ಟರು. "ರಾತ್ರಿ ಕಳಿಸಲ್ಲ ಅಂದೋಳೂ ನಾನೇ. ಹೊತ್ತು ತಪ್ಪಿಸ್ದೋಳೂ ನಾನೇ. ಎರಡಕ್ಕೂ ಅವಳ ಕೆಲಸಾನೇ ಹೋಗ್ಬೇಕು ಅಂದ್ರೆ ಹೇಗಮ್ಮ?"

ಆ ಕಡೆಯಿಂದ ಬಂದ ಮಾತು ಉದ್ದವಾಗಿತ್ತು. ಕಾವೇರಮ್ಮನವರು ನಿಂತೇ ಕೇಳಿಸಿಕೊಂಡರು. ಕೊನೆಗೆ "ಒಳ್ಳೇದಾಗ್ಲಿ, ಕೊಡ್ತೀನಿ" ಎಂದು ರಿಸೀವರನ್ನು ಸೊಸೆಗೆ ಕೊಟ್ಟು ಅಡುಗೆಮನೆಗೆ ಹೋದರು.

"ಏನೇ ಇದು, ಅತ್ತೆ ಕೈಲಿ ಹೇಳಿಸ್ತಿದೀಯ?" ಎಂದಳು ಹೇಮಶ್ರೀ. "ಇದೊಂದ್ಸಲ ನಾನು ನೋಡ್ಕೊಳ್ತೀನಿ. ಇನ್ನೊಂದ್ಸಲ ಆದ್ರೆ ನನ್ನ ಕೈಲೂ ಇರಲ್ಲ."

ಮಾರನೆಯ ದಿನ ಅತ್ತೆ ಸೊಸೆ ಇಬ್ಬರೂ ಎಸ್.ಪಿ. ರೋಡಿಗೆ ಹೋದರು. ರಸ್ತೆ ಗುಡಿಸಿತ್ತು, ಅಂಗಡಿಗಳೆಲ್ಲ ಫುಟ್‌ಪಾತಿಗೆ ಇಳಿದಿದ್ದವು. ಗೌರೀಶನ ಅಂಗಡಿಯಲ್ಲಿ ಸೋಲ್ಡರಿಂಗ್ ಕಬ್ಬಿಣ ಹೊಗೆಯಾಡುತ್ತಿತ್ತು. ಅದರ ಹಿಡಿಯ ಮೇಲೆ ಅರಿಶಿನ ಇನ್ನೂ ಹೋಗಿರಲಿಲ್ಲ. ಕಾವೇರಮ್ಮನವರು ಸ್ಟೂಲಿನ ಮೇಲೆ ಕೂತು ಶ್ರುತಿಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡರು. ಹನ್ನೆರಡು ವೋಲ್ಟಿನದು ಯಾವುದಾದರೂ ಒಂದೇ ಎಂದು ಗೌರೀಶ್ ಹೇಳಿದ್ದನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಲಾರಿ, ಆ ಹಾರನ್ನುಗಳ ನಡುವೆ ಒಂದೊಂದನ್ನೂ ಹಳೆಯ ಪಿನ್ನಿಗೆ ಜೋಡಿಸಿ ಹಾಕಿಸಿ, ಸಣ್ಣಗೆ ಷಡ್ಜ ಹಿಡಿದು ನೋಡಿದರು. "ಇದು ಬೇಡಪ್ಪ, ಗೊರಗೊರ ಅನ್ನುತ್ತೆ" ಎಂದು ಒಂದನ್ನು, "ಇದೂ ಹಾಗೇ" ಎಂದು ಇನ್ನೊಂದನ್ನು ವಾಪಸು ಕೊಟ್ಟರು. ಓಣಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಆರಾಧನಾಳಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಸಂತೋಷವಾಯಿತು.

ಕೊನೆಗೆ ಒಂದು ಒಪ್ಪಿಗೆಯಾಯಿತು. ಗೌರೀಶ್ ಪಿನ್ನು ಬದಲಿಸಿ ಕೊಟ್ಟ.

"ಇಂಥದ್ದೇ ಇನ್ನೊಂದು ಮಾಡ್ಕೊಡಪ್ಪ."

"ಇನ್ನೊಂದು ಯಾಕಮ್ಮ?"

"ಇವಳದ್ದು ಮೋಡೆಮ್ಮು ಇದೆ. ಮುಂದಿನ ನವಮಿಗೆ ಅದು ಎಲ್ಲಿದೆಯೋ ಅಲ್ಲೇ ಓಡ್ತಾ ಇರ್ಲಿ, ದೇವರ ಮನೆಗೆ ತರೋದು ಬೇಡ. ಪೂಜೆಗೆ ಅದರ ಲೆಕ್ಕದಲ್ಲಿ ಇದೊಂದು ಕೂತ್ರೆ ಸಾಕು." ಎರಡನೆಯದನ್ನು ಸೊಸೆಯ ಕೈಗೆ ಕೊಟ್ಟು ಹೇಳಿದರು. "ತೆಗೆದಿಟ್ಟಿರು. ಇದಕ್ಕೆ ಗಂಧಾನೇ ಹಚ್ತೀನಿ."